ಪಾವ್ಲೋವ್ ಮತ್ತು ನೆರೆಯ ನೀರು

ಪಾವ್ಲೋವ್‌ನ ಹೆಸರನ್ನು ಕೇಳದ ಮನಃಶಾಸ್ತ್ರದ ವಿದ್ಯಾರ್ಥಿಯು ಇರಲಾರನು. ನಾಯಿ, ಗಂಟೆ, ಜೊಲ್ಲು ಎಂಬ ಮೂರು ಮಾತುಗಳಲ್ಲಿ ಆತನ ಎಂಬತ್ತಾರು ವರ್ಷಗಳ ಬಾಳನ್ನು ಮುಗಿಸಿ ನಾವು ಪರೀಕ್ಷೆಯಲ್ಲಿ ಐದು ಅಂಕಗಳನ್ನು ಪಡೆಯುತ್ತೇವೆ. ನಾನೂ ಹಾಗೆಯೇ ಪಡೆದವನು. ಆದರೆ ಕಳೆದ ವರ್ಷ ನಮ್ಮ ಗ್ರಂಥಾಲಯದಲ್ಲಿ ಆತನ ಉಪನ್ಯಾಸಗಳ ಇಂಗ್ಲಿಷ್ ಅನುವಾದದ ಹಳೆಯ ಪ್ರತಿಯೊಂದು ಕೈಗೆ ಸಿಕ್ಕಿತು. ಪದಕೋಶವನ್ನು ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ನಾಲ್ಕೈದು ಪುಟಗಳಂತೆ ಓದುತ್ತ ಹೋದೆ. ಒಂದು ಕಡೆ ನೆರೆಯ ಸಂಗತಿ ಬಂದಿತು. ಅಲ್ಲಿಗೆ ಪುಸ್ತಕವನ್ನು ಮಡಿಸಿಟ್ಟು ಆ ದಿನ ಮತ್ತೆ ತೆರೆಯಲಿಲ್ಲ. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಆ ಮನುಷ್ಯನ ಕಥೆಯಾಗಲಿ.

ಇವಾನ್ ಪೆತ್ರೋವಿಚ್ ಪಾವ್ಲೋವ್ ಹುಟ್ಟಿದ್ದು ೧೮೪೯ರಲ್ಲಿ, ಮಾಸ್ಕೋ ನಗರದ ಆಗ್ನೇಯಕ್ಕಿರುವ ರಿಯಾಜಾನ್ ಎಂಬ ಊರಿನಲ್ಲಿ. ತಂದೆ ಇಗರ್ಜಿಯ ಪಾದ್ರಿ. ದೊಡ್ಡ ಸಂಸಾರಕ್ಕೆ ಈತನೇ ಹಿರಿಯ ಮಗ. ಚಿಕ್ಕಂದಿನಲ್ಲಿ ಎತ್ತರದಿಂದ ಕಲ್ಲುಹಾಸಿನ ಮೇಲೆ ಬಿದ್ದು ಬಹುಕಾಲ ನರಳಿದ್ದರಿಂದ ಶಾಲೆಯ ಮುಖ ಕಂಡದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಪಾದ್ರಿಯ ಮಗನು ಪಾದ್ರಿಯೇ ಆಗಬೇಕೆಂಬುದು ಆ ಕಾಲದ ವಾಡಿಕೆ. ಅದರಂತೆ ಊರಿನ ಧಾರ್ಮಿಕ ವಿದ್ಯಾಲಯಕ್ಕೆ ಸೇರಿದನು. ಅಲ್ಲಿದ್ದಾಗ ಸೆಚೆನೊವ್ ಎಂಬ ರಷ್ಯದ ಶರೀರಶಾಸ್ತ್ರಜ್ಞನು ಮೆದುಳಿನ ಪ್ರತಿವರ್ತನೆಗಳ ವಿಷಯವಾಗಿ ೧೮೬೩ರಲ್ಲಿ ಬರೆದ ಗ್ರಂಥವು ಈತನ ಕೈಸೇರಿತು. ನಾವು ಮನಸ್ಸು ಎಂದು ಕರೆಯುವುದಕ್ಕೂ ಶರೀರದಲ್ಲೊಂದು ಆಧಾರವಿದೆ, ಅದನ್ನು ಅಳೆದು ನೋಡಬಹುದು ಎಂಬ ವಿಚಾರವು ಆ ಹುಡುಗನ ತಲೆಯನ್ನು ಹೊಕ್ಕಿತು, ಮತ್ತೆ ಹೊರಬರಲಿಲ್ಲ. ೧೮೭೦ರಲ್ಲಿ ಆ ವಿದ್ಯಾಲಯವನ್ನು ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಹೊರಟನು. ಮನೆಯವರು ಕಂಡರಿಯದ ವಿದ್ಯೆಗಾಗಿ ಕಂಡರಿಯದ ಊರಿಗೆ ಗಂಟು ಕಟ್ಟಿಕೊಂಡು ಹೊರಡುವುದೆಂದರೇನೆಂದು ನಮ್ಮ ಕಾಲೇಜಿನ ಅರ್ಧಕ್ಕರ್ಧ ಜನರಿಗೆ ನಾನು ವಿವರಿಸಬೇಕಾಗಿಲ್ಲ.

ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳು ಬಡತನದವು. ೧೮೭೫ರಲ್ಲಿ ಪದವಿ, ಆಮೇಲೆ ವೈದ್ಯಕೀಯ ವ್ಯಾಸಂಗ, ೧೮೮೩ರಲ್ಲಿ ಹೃದಯದ ನರಗಳ ಮೇಲೆ ಪ್ರೌಢಪ್ರಬಂಧ, ಅನಂತರ ಎರಡು ವರ್ಷ ಜರ್ಮನಿಯಲ್ಲಿ ಅಭ್ಯಾಸ. ೧೮೮೧ರಲ್ಲಿ ಸೆರಾಫಿಮಾ ಎಂಬ ವಿದ್ಯಾವಂತೆಯನ್ನು ಮದುವೆಯಾದನು. ಈತನ ಕಷ್ಟವನ್ನು ನೋಡಲಾರದೆ ಮಿತ್ರರು ಉಪನ್ಯಾಸಗಳ ನೆಪದಲ್ಲಿ ಹಣ ಕೂಡಿಸಿ ಕೊಟ್ಟರೆ, ಈತ ಅದರಿಂದ ಪ್ರಯೋಗಕ್ಕೆ ಪ್ರಾಣಿಗಳನ್ನು ಕೊಂಡನೆಂದು ಹೇಳುವರು. ಮನೆಯಾಕೆಯ ಸಹನೆಯನ್ನು ಯಾವ ಸಂಸ್ಥೆಯೂ ಬಹುಮಾನಿಸಲಿಲ್ಲ. ಈ ಬಗೆಯ ಚರಿತ್ರೆಗಳಲ್ಲಿ ಅದು ಎಂದಿನ ಸಂಗತಿ. ೧೮೯೦ರಲ್ಲಿ ಸೈನಿಕ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಾಧ್ಯಾಪಕ ಪದವಿಯೂ, ಮರುವರ್ಷ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯಲ್ಲಿ ಸ್ವಂತ ಪ್ರಯೋಗಶಾಲೆಯೂ ದೊರೆತಾಗ ಪಾವ್ಲೋವ್‌ಗೆ ನಲವತ್ತು ದಾಟಿತ್ತು.

ಆತ ಹಿಡಿದ ಕೆಲಸ ಜೀರ್ಣಕ್ರಿಯೆಯದು. ಜೀವಂತ ನಾಯಿಯ ಹೊಟ್ಟೆಯಿಂದಲೂ ಕೆನ್ನೆಯಿಂದಲೂ ಸಣ್ಣ ಕೊಳವೆಗಳನ್ನು ಹೊರತಂದು, ಗಾಯ ಮಾಗಿದ ಮೇಲೆ, ಜಠರರಸವೂ ಜೊಲ್ಲೂ ಯಾವಾಗ ಎಷ್ಟು ಒಸರುತ್ತವೆಂದು ಹನಿಹನಿಯಾಗಿ ಎಣಿಸುವುದು ಆತನ ಕ್ರಮ. ಇದಕ್ಕಾಗಿ ೧೯೦೪ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ರಷ್ಯಕ್ಕೆ ಬಂದ ಮೊದಲನೆಯದು ಅದೇ. ನಮ್ಮಲ್ಲಿ ಬಹಳ ಮಂದಿ ಅದು ಗಂಟೆ ಮತ್ತು ಜೊಲ್ಲಿಗಾಗಿ ಬಂದುದೆಂದು ಬರೆಯುತ್ತಾರೆ; ಅದು ತಪ್ಪು. ಗಂಟೆಯ ಮಾತೂ ಅಷ್ಟಕ್ಕಷ್ಟೇ. ಆತನ ಪ್ರಯೋಗಶಾಲೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದುದು ತಾಳ ಹಾಕುವ ಮೆಟ್ರೊನೋಮ್, ಗುಂಯ್‌ಗುಡುವ ಯಂತ್ರ, ದೀಪ, ಚರ್ಮದ ಮೇಲಿನ ಸ್ಪರ್ಶ ಮುಂತಾದುವು.

ಅನ್ನ ಬಾಯಿಗೆ ಬೀಳುವ ಮುನ್ನವೇ, ತಟ್ಟೆಯನ್ನು ಕಂಡೊಡನೆ ಅಥವಾ ಉಣಿಸುವವನ ಹೆಜ್ಜೆಯ ಸಪ್ಪಳ ಕೇಳಿದೊಡನೆ ನಾಯಿ ಜೊಲ್ಲು ಸುರಿಸುತ್ತದೆ. ಇದು ಯಾವ ಹಳ್ಳಿಯ ಹುಡುಗನಿಗೂ ಗೊತ್ತು. ಗೊತ್ತಿದ್ದುದನ್ನು ತಡೆದು ನಿಲ್ಲಿಸಿ ನೋಡಿದ್ದು ಪಾವ್ಲೋವ್‌ನ ಹೆಚ್ಚುಗಾರಿಕೆ. ನಾಯಿ ಏನನ್ನು ಆಶಿಸಿತು, ಏನನ್ನು ನೆನೆಯಿತು ಎಂಬ ಊಹೆಯ ಮಾತುಗಳನ್ನು ತನ್ನ ಪ್ರಯೋಗಶಾಲೆಯಿಂದ ಹೊರಹಾಕಿದನು. ಸದ್ದೊಂದು ಅನ್ನದ ಮುನ್ನ ಹಲವು ಬಾರಿ ಬಂದರೆ ಆ ಸದ್ದೇ ಜೊಲ್ಲನ್ನು ತರುತ್ತದೆ. ಅನ್ನವಿಲ್ಲದೆ ಬರಿಯ ಸದ್ದನ್ನೇ ಕೇಳಿಸುತ್ತ ಹೋದರೆ ಜೊಲ್ಲು ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ತಾನಾಗಿಯೇ ಮರಳಿ ಬರುತ್ತದೆ. ಆದ್ದರಿಂದ ಕಲಿತದ್ದು ಅಳಿಸಿಹೋಗಲಿಲ್ಲ, ಅದರ ಮೇಲೊಂದು ತಡೆ ಬಿದ್ದಿತ್ತು, ಅಷ್ಟೆ. ಇದಕ್ಕೆ ಅನುಬಂಧಿತ ಪ್ರತಿವರ್ತನೆಯೆಂದು ಹೆಸರು. ೧೯೦೩ರಲ್ಲಿ ಮ್ಯಾಡ್ರಿಡ್ ನಗರದ ವೈದ್ಯ ಸಮ್ಮೇಳನದಲ್ಲಿ ಇದನ್ನು ಲೋಕದ ಮುಂದಿಟ್ಟನು. ಅಲ್ಲಿಂದ ಮೂವತ್ತಮೂರು ವರ್ಷ ಬೇರೆ ಕೆಲಸಕ್ಕೆ ಕೈಹಾಕಲಿಲ್ಲ.

ಮನುಷ್ಯನು ಮುಂಗೋಪಿ. ಗಡಿಯಾರದ ಮುಳ್ಳಿನಂತೆ ಬಂದು ಹೋಗುವವನು. ಕ್ರಾಂತಿಯ ದಿನಗಳಲ್ಲಿ ಬೀದಿಯ ಗುಂಡಿನೇಟನ್ನು ತಪ್ಪಿಸಿಕೊಂಡು ತಡವಾಗಿ ಬಂದ ಸಹಾಯಕನನ್ನು, ಬೇಗ ಹೊರಡಬಾರದಿತ್ತೇ ಎಂದು ಗದರಿಕೊಂಡನೆಂಬ ಕಥೆಯಿದೆ. ಬೇಸಗೆ ಬಂತೆಂದರೆ ಮಾತ್ರ ಬಡಿಗೆ ಬೀಸಿ ಮರದ ತುಂಡುಗಳನ್ನುರುಳಿಸುವ ಹಳ್ಳಿಯಾಟದಲ್ಲಿ ಮುಳುಗುವನು. ೧೯೨೩ರಲ್ಲಿ ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನ ರೈಲಿನಲ್ಲಿ ಕಳ್ಳರು ಮುದುಕನ ಹಣವನ್ನೆಲ್ಲ ದೋಚಿದರು.

ಇನ್ನು ಭಯದ ವಿಷಯ. ಪಾವ್ಲೋವ್ ಭಯವನ್ನು ಹುಡುಕಿಕೊಂಡು ಹೋದವನಲ್ಲ. ಭಯವೇ ಆತನ ಪ್ರಯೋಗಶಾಲೆಗೆ ಮತ್ತೆ ಮತ್ತೆ ಬಂದಿತು. ೧೯೧೪ರ ಸುಮಾರಿಗೆ ನಾಯಿಯೊಂದಕ್ಕೆ ವೃತ್ತವನ್ನು ತೋರಿಸಿದಾಗ ಅನ್ನ, ಅಂಡವೃತ್ತವನ್ನು ತೋರಿಸಿದಾಗ ಅನ್ನವಿಲ್ಲ ಎಂದು ಕಲಿಸಿದರು. ದಿನದಿನಕ್ಕೆ ಅಂಡವೃತ್ತವನ್ನು ದುಂಡಗೆ ಮಾಡುತ್ತ ಬಂದು, ಅದರ ಉದ್ದಗಲಗಳು ಒಂಬತ್ತಕ್ಕೆ ಎಂಟರ ಪ್ರಮಾಣಕ್ಕೆ ಬಂದಾಗ ನಾಯಿಗೆ ಭೇದ ತಿಳಿಯದಾಯಿತು. ಅದುವರೆಗೆ ಸೌಮ್ಯವಾಗಿದ್ದ ಪ್ರಾಣಿ ಕಿರುಚಿತು, ಒದ್ದಾಡಿತು, ಮೈಮೇಲಿನ ಉಪಕರಣಗಳನ್ನು ಹಲ್ಲಿನಿಂದ ಕಿತ್ತಿತು. ಮೊದಲು ಕಲಿತ ಸುಲಭ ಪಾಠವನ್ನೂ ಮರೆಯಿತು. ಇದನ್ನೋದುವಾಗ ಯಾರ ಮೇಲೆ ಮರುಕಪಡಬೇಕೆಂದು ನನಗೇನೂ ಸಂದೇಹವಾಗಲಿಲ್ಲ. ಆತನ ಜ್ಞಾನಕ್ಕೆ ನಾಯಿಗಳು ತೆತ್ತ ಬೆಲೆ ಸಣ್ಣದಲ್ಲ. ಆತನಿಗೂ ಅದರ ಅರಿವಿತ್ತೆಂದು ಕಾಣುತ್ತದೆ. ೧೯೩೫ರಲ್ಲಿ ಸಂಸ್ಥೆಯ ತೋಟದಲ್ಲಿ ನಾಯಿಗೊಂದು ಸ್ಮಾರಕವನ್ನು ನಿಲ್ಲಿಸಲಾಯಿತು.

೧೯೧೭ರ ಕ್ರಾಂತಿ, ಅಂತರ್ಯುದ್ಧ, ಬರಗಾಲಗಳಲ್ಲಿ ಮನುಷ್ಯರಿಗೇ ಅನ್ನವಿಲ್ಲದಾಗ ನಾಯಿಗಳಿಗೆಲ್ಲಿಯದು? ೧೯೨೧ರ ಜನವರಿಯಲ್ಲಿ ಲೆನಿನ್‌ನ ಸಹಿಯಿಂದ ಪಾವ್ಲೋವ್‌ನ ಕೆಲಸಕ್ಕೂ ಸಂಸಾರಕ್ಕೂ ವಿಶೇಷ ಅನುಕೂಲಗಳನ್ನು ಕೊಡುವ ಆಜ್ಞೆ ಹೊರಟಿತು. ಅನುಕೂಲ ಪಡೆದನೆಂದು ಬಾಯಿ ಮುಚ್ಚಿಕೊಳ್ಳಲಿಲ್ಲ. ೧೯೨೪ರಲ್ಲಿ ಪಾದ್ರಿಗಳ ಮಕ್ಕಳನ್ನು ಸೈನಿಕ ವೈದ್ಯಕೀಯ ಅಕಾಡೆಮಿಯಿಂದ ಹೊರಹಾಕಿದಾಗ, ತಾನೂ ಪಾದ್ರಿಯ ಮಗನೇ ಎಂದು ಹೇಳಿ ಅಲ್ಲಿಯ ಪ್ರಾಧ್ಯಾಪಕ ಪದವಿಗೆ ರಾಜೀನಾಮೆ ಕೊಟ್ಟನು. ಹುಟ್ಟಿನ ಕಾರಣದಿಂದ ವಿದ್ಯೆಯ ಬಾಗಿಲು ಮುಚ್ಚುವುದನ್ನು ನಮ್ಮ ಹಿರಿಯರೂ ಕಂಡಿದ್ದಾರೆ. ಪಾವ್ಲೋವ್‌ನ ಇಡೀ ಜೀವನದಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದ ಘಟನೆ ಇದು.

ನೆರೆ ಬಂದದ್ದೂ ಅದೇ ವರ್ಷ. ಆ ವೇಳೆಗೆ ಲೆನಿನ್‌ಗ್ರಾಡ್ ಎಂದು ಹೆಸರಾಗಿದ್ದ ಆ ನಗರದಲ್ಲಿ, ೧೯೨೪ರ ಸೆಪ್ಟೆಂಬರ್ ೨೩ರಂದು, ನೆವಾ ನದಿ ದಂಡೆ ಮೀರಿ ಉಕ್ಕಿತು. ನಾಯಿಗಳ ಗೂಡುಗಳು ಪ್ರಯೋಗಶಾಲೆಯಿಂದ ದೂರದಲ್ಲಿ ಬೇರೆ ಕಟ್ಟಡದಲ್ಲಿದ್ದುವು. ಬಿರುಗಾಳಿ, ಮರಗಳು ಮುರಿದು ಬೀಳುವ ಸದ್ದು, ಗೋಡೆಗೆ ಅಪ್ಪಳಿಸುವ ಅಲೆ. ಆ ಗದ್ದಲದಲ್ಲಿ ನಾಯಿಗಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಈಜಿಸಿಕೊಂಡು ಪ್ರಯೋಗಶಾಲೆಗೆ ತಂದು, ಪರಿಚಯವಿದ್ದದ್ದು ಇಲ್ಲದ್ದು ಎನ್ನದೆ ಎಲ್ಲವನ್ನೂ ಮಾಳಿಗೆಯಲ್ಲಿ ಒಟ್ಟಿಗೆ ಕೂಡಿದರು. ನೀರು ಇಳಿಯಿತು, ನಾಯಿಗಳು ಗೂಡಿಗೆ ಮರಳಿದುವು. ಮೈಯಲ್ಲಿ ಗಾಯವಿಲ್ಲ, ರೋಗವಿಲ್ಲ.

ಆದರೆ ಪ್ರಯೋಗಕ್ಕೆ ನಿಲ್ಲಿಸಿದಾಗ ಕೆಲವು ನಾಯಿಗಳು ಮೊದಲಿನಂತಿರಲಿಲ್ಲ. ಸ್ಪೆರಾನ್‌ಸ್ಕಿ ಎಂಬ ಶಿಷ್ಯನ ವಶದಲ್ಲಿದ್ದ ನಾಯಿಯೊಂದರ ಸಂಗತಿಯನ್ನು ಪಾವ್ಲೋವ್ ವಿವರವಾಗಿ ಬರೆದಿದ್ದಾನೆ. ಬಹುಕಾಲದಿಂದ ಸ್ಥಿರವಾಗಿದ್ದ ಅದರ ಪ್ರತಿವರ್ತನೆಗಳೆಲ್ಲ ಮಾಯವಾಗಿದ್ದುವು. ಅನ್ನವಿಟ್ಟರೂ ಮುಖ ತಿರುಗಿಸುತ್ತಿತ್ತು. ಹೊಟ್ಟೆಯ ಕಾಯಿಲೆಯಿರಬಹುದೆಂದು ನೋಡಿದರು, ಅದೂ ಇಲ್ಲ. ಕಡೆಗೆ ಒಂದು ಉಪಾಯ ಫಲಿಸಿತು. ಮಾಮೂಲಿನಂತೆ ಪ್ರಯೋಗಕಾರನು ಹೊರಗಿನ ಕೋಣೆಯಲ್ಲಿರದೆ ನಾಯಿಯ ಜೊತೆಗೇ ಒಳಗೆ ಕುಳಿತನು. ಆಗ ಪ್ರತಿವರ್ತನೆಗಳು ನಿಧಾನವಾಗಿ ಮರಳಿದುವು. ಎಷ್ಟೋ ವಾರಗಳಾದ ಮೇಲೆ, ನಾಯಿ ಪೂರ್ತಿ ಗುಣವಾಯಿತೆಂದುಕೊಂಡಾಗ, ಕೋಣೆಯ ಬಾಗಿಲಿನ ಸಂದಿಯಿಂದ ಸಣ್ಣಗೆ ನೀರನ್ನು ಒಳಗೆ ಹರಿಯಬಿಟ್ಟರು. ಗಾಳಿಯಿಲ್ಲ, ಅಲೆಯಿಲ್ಲ, ಬಾಗಿಲ ಕೆಳಗೆ ಒಂದಿಷ್ಟು ನೀರು. ನಾಯಿ ಚಂಗನೆ ಎದ್ದು ನೆಲವನ್ನೇ ನೋಡತೊಡಗಿತು. ಏದುಸಿರು ಬಿಟ್ಟಿತು, ಪೀಠದಿಂದ ಇಳಿದು ಓಡಲು ಹವಣಿಸಿತು. ಮತ್ತೆ ಅನ್ನ ಮುಟ್ಟಲಿಲ್ಲ.

ನಾನು ಪುಸ್ತಕ ಮುಚ್ಚಿದ್ದು ಇಲ್ಲಿ. ನಮ್ಮ ಊರು ಮಲಪ್ರಭೆಯ ದಂಡೆಯಲ್ಲಿದೆ. ೨೦೧೯ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂದಾಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ರಾತ್ರಿಯಲ್ಲಿ ಮೊದಲು ಎಚ್ಚರಾದವಳು ಅವ್ವ. ಬಾಗಿಲ ಕೆಳಗಿನಿಂದ ನೀರು ಸದ್ದಿಲ್ಲದೆ ಬಂದು ಅವಳ ಹಾಸಿಗೆಯನ್ನು ಮುಟ್ಟಿತ್ತು. ನಮ್ಮನ್ನೆಲ್ಲ ಎಬ್ಬಿಸಿ ದಿಬ್ಬದ ಶಾಲೆಗೆ ಸಾಗಿಸಿದಳು. ಜೋಳದ ಚೀಲಗಳು ಹೋದುವು. ಗೂಟಕ್ಕೆ ಕಟ್ಟಿದ್ದ ಎಮ್ಮೆಯ ಕರುವನ್ನು ಬಿಚ್ಚಲಾಗಲಿಲ್ಲ. ಅದು ಕೂಗಿದ್ದು ಸ್ವಲ್ಪ ಹೊತ್ತು ಕೇಳಿಸಿತು. ಅಂದಿನಿಂದ ಅವ್ವ ಆಕಾಶದಲ್ಲಿ ಮೋಡ ಕಂಡರೆ ಚೀಲಗಳನ್ನು ಅಟ್ಟಕ್ಕೇರಿಸುತ್ತಾಳೆ. ಬಾಗಿಲ ಬಳಿ ನೀರು ಚೆಲ್ಲಿದರೆ ಬೆಚ್ಚಿಬೀಳುತ್ತಾಳೆ. ಎರಡು ವರ್ಷದ ಹಿಂದೆ ಮನೆಗೆ ಬೀಗರು ಬಂದಿದ್ದಾಗ ಹುಡುಗರು ಕೊಡ ಉರುಳಿಸಿದರು. ನೀರು ಹೊಸ್ತಿಲ ಕಡೆಯಿಂದ ಹರಿದು ಬರಲು ಅವ್ವ ಚೀರಿದಳು. ಬಂದವರು ನಕ್ಕರು. ಕಾಲೇಜು ಸೇರಿ ಹೊಸದಾಗಿ ಬುದ್ಧಿವಂತನಾಗಿದ್ದ ನಾನು, ಓದುಬರಹವಿಲ್ಲದವರ ಮೂಢತನವೆಂದು ಎಲ್ಲರೆದುರಿಗೆ ಹೇಳಿದೆ. ಅವ್ವ ಮಾತಾಡಲಿಲ್ಲ, ನೆಲ ಒರೆಸಿದಳು.

ಪಾವ್ಲೋವ್ ಈ ಪ್ರಸಂಗದಿಂದ ತಿಳಿದದ್ದೇನು? ನಾಯಿಗಳ ನರಪ್ರಕೃತಿಯಲ್ಲಿ ಭೇದಗಳಿವೆ. ಕೆಲವು ನೆರೆಯನ್ನು ಕೊಡವಿಕೊಂಡು ಎದ್ದುವು, ಕೆಲವು ಏಳಲಿಲ್ಲ. ಇದು ನರಗಳ ಕಥೆಯೇ ಹೊರತು ಗುಣದ ದೋಷವಲ್ಲ ಎಂದು ತಿಳಿದನು. ಆದರೆ ಇಂಥ ಕಲಿಕೆಯೆಲ್ಲ ಮೆದುಳಿನ ಹೊರಪದರದಲ್ಲಿಯೇ ನಡೆಯುವುದೆಂದು ಕಡೆಯವರೆಗೂ ನಂಬಿದ್ದನು. ಹನಿಗಳನ್ನು ಎಣಿಸಿದ ಆತನಿಗೆ ಕೋಶಗಳ ಒಳಗನ್ನು ನೋಡುವ ಸಾಧನವಿರಲಿಲ್ಲ. ಭಯದ ಮಟ್ಟಿಗೆ ಆ ನಂಬಿಕೆ ನಿಲ್ಲಲಿಲ್ಲ. ಮೆದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು ಬಾದಾಮಿಯ ಆಕಾರದ ಗಂಟುಗಳಿವೆ. ಅಮಿಗ್ಡಲ ಎಂಬ ಹೆಸರಿಗೂ ಬಾದಾಮಿಯೆಂದೇ ಅರ್ಥ. ೧೯೫೬ರಲ್ಲಿ ವೈಸ್‌ಕ್ರಾಂಟ್ಜ್ ಎಂಬ ವಿಜ್ಞಾನಿ, ಇದಕ್ಕೆ ಹಾನಿಯಾದ ಕೋತಿಗಳು ಭಯವನ್ನು ಕಲಿಯುವುದರಲ್ಲಿ ಹಿಂದೆ ಬೀಳುವುದನ್ನು ಕಂಡನು. ೧೯೮೦ರ ದಶಕದಲ್ಲಿ ನ್ಯೂಯಾರ್ಕಿನ ಜೋಸೆಫ್ ಲೆಡೂ ಮತ್ತು ಆತನ ಜೊತೆಗಾರರು ಇಲಿಗಳಿಗೆ ಒಂದು ಸದ್ದನ್ನು ಕೇಳಿಸಿ ಕಾಲಿಗೆ ಸಣ್ಣ ವಿದ್ಯುದಾಘಾತವನ್ನು ಕೊಟ್ಟು ನೋಡಿದರು. ಪಾವ್ಲೋವ್‌ನದೇ ಪ್ರಯೋಗ, ಅನ್ನದ ಬದಲು ನೋವು. ಶ್ರವಣಕ್ಕೆ ಸೇರಿದ ಹೊರಪದರವನ್ನು ತೆಗೆದರೂ ಇಲಿ ಆ ಸದ್ದಿಗೆ ಹೆದರುವುದನ್ನು ಕಲಿಯಿತು. ಸದ್ದಿನ ಸುದ್ದಿ ಮೆದುಳಿನ ನಡುವಿನ ಥಾಲಮಸ್ಸಿನಿಂದ ನೇರವಾಗಿಯೂ ಅಮಿಗ್ಡಲವನ್ನು ಮುಟ್ಟುತ್ತದೆಂದು ಹೊರಪಟ್ಟಿತು.

ಅಲ್ಲಿ ನಡೆಯುವುದನ್ನು ನಾನು ತಿಳಿದಷ್ಟು ಹೇಳುತ್ತೇನೆ; ವಿಜ್ಞಾನ ವಿಭಾಗದ ಮಿತ್ರರು ತಪ್ಪಿದ್ದರೆ ತಿದ್ದಲಿ. ಒಂದು ನರಕೋಶವು ಇನ್ನೊಂದನ್ನು ಮುಟ್ಟುವುದಿಲ್ಲ. ನಡುವೆ ಬಹು ಸಣ್ಣ ಸಂದಿಯಿದೆ. ಸುದ್ದಿ ತಂದ ಕೋಶವು ಗ್ಲುಟಮೇಟ್ ಎಂಬ ರಸಾಯನವನ್ನು ಆ ಸಂದಿಗೆ ಸುರಿಸುತ್ತದೆ. ಆಚೆಯ ಕೋಶದ ಮೇಲಿರುವ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಬರಿಯ ಸದ್ದು ಬಂದಾಗ ಆಚೆಯ ಕೋಶವು ಅಷ್ಟಾಗಿ ಕದಲುವುದಿಲ್ಲ. ಆದರೆ ಎನ್‌ಎಂಡಿಎ ಎಂಬ ಒಂದು ಬಗೆಯ ಗ್ರಾಹಕವಿದೆ. ಅದನ್ನು ಎರಡು ತಡೆಯುಳ್ಳ ಬಾಗಿಲೆನ್ನಬಹುದು. ಗ್ಲುಟಮೇಟ್ ಅದರ ಬೀಗದ ಕೈ. ಅಷ್ಟರಿಂದ ಬಾಗಿಲು ತೆರೆಯದು, ಏಕೆಂದರೆ ಮೆಗ್ನೀಸಿಯಂ ಕಣವೊಂದು ಅಗುಳಿಯಂತೆ ಅಡ್ಡ ಕುಳಿತಿರುತ್ತದೆ. ಅದೇ ಗಳಿಗೆಯಲ್ಲಿ ನೋವಿನ ಸುದ್ದಿಯೂ ಬಂದು ಕೋಶದಲ್ಲಿ ವಿದ್ಯುತ್ತಿನ ಕೋಲಾಹಲವೆದ್ದರೆ ಆ ಅಗುಳಿ ಹಾರಿಹೋಗುತ್ತದೆ. ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದು ಒಳಗಿನ ಕಿಣ್ವಗಳನ್ನು ಎಬ್ಬಿಸುತ್ತದೆ. ಅವು ಆಂಪಾ ಎಂಬ ಬೇರೆ ಗ್ರಾಹಕಗಳನ್ನು ಹೆಚ್ಚಾಗಿ ತಂದು ಆ ಸಂದಿಯಲ್ಲಿ ಕೂಡಿಸುತ್ತವೆ. ಇನ್ನು ಮುಂದೆ ಸದ್ದು ಒಂದೇ ಬಂದರೂ ಸಾಕು, ಕೋಶ ಸಿಡಿದೇಳುತ್ತದೆ. ಅಮಿಗ್ಡಲದ ಇನ್ನೊಂದು ಭಾಗವು ಆ ಕೂಗನ್ನು ಹೃದಯ, ಉಸಿರು, ಕೈಕಾಲುಗಳನ್ನಾಳುವ ಕೇಂದ್ರಗಳಿಗೆ ಮುಟ್ಟಿಸುತ್ತದೆ. ೧೯೯೦ರಲ್ಲಿ ಅಮೆರಿಕದಲ್ಲಿ ಇಲಿಗಳ ಅಮಿಗ್ಡಲದಲ್ಲಿ ಆ ಎರಡು ತಡೆಯ ಬಾಗಿಲನ್ನು ಔಷಧದಿಂದ ಮುಚ್ಚಿ ನೋಡಿದರು. ಇಲಿಗಳು ಹೊಸ ಭಯವನ್ನು ಕಲಿಯಲಿಲ್ಲ.

ಭಯದ ಬೆಳವಣಿಗೆಗೆ ನಮ್ಮ ಬೆಂಗಳೂರಿನಲ್ಲಿ ದೊರೆತ ಸಾಕ್ಷಿಯೊಂದಿದೆ. ಅಲ್ಲಿಯ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿಯವರೂ ಅವರ ಸಂಗಡಿಗರೂ ೨೦೦೫ರಲ್ಲಿ ಪ್ರಕಟಿಸಿದ ಕೆಲಸವದು. ಇಲಿಗಳನ್ನು ಒಂದೇ ಒಂದು ಬಾರಿ, ಎರಡು ಗಂಟೆಗಳ ಕಾಲ, ಅಲುಗಾಡದಂತೆ ಹಿಡಿದಿಟ್ಟರು. ಮರುದಿನ ನೋಡಿದರೆ ಅಮಿಗ್ಡಲದ ಕೋಶಗಳಲ್ಲಿ ವ್ಯತ್ಯಾಸವಿಲ್ಲ. ಹತ್ತು ದಿನಗಳ ಮೇಲೆ ನೋಡಿದರೆ ಕೋಶಗಳ ಕವಲುಗಳ ಮೇಲೆ, ಸುದ್ದಿ ಹಿಡಿಯುವ ಸಣ್ಣ ಮುಳ್ಳುಗಳು ಹೆಚ್ಚಿದ್ದುವು. ಇಲಿಗಳ ಅಂಜಿಕೆಯೂ ಹೆಚ್ಚಿತ್ತು. ಒಂದು ಸಲದ ಸಂಕಟವು ಕೂಡಲೇ ಅಲ್ಲ, ದಿನಗಳೆದು ಮೆದುಳಿನಲ್ಲಿ ಬೇರುಬಿಡುತ್ತದೆ. ನೆರೆಯ ನೀರು ಇಳಿದ ಮೇಲೆ, ಎಲ್ಲ ಮುಗಿಯಿತೆಂದು ಊರಿನವರು ಗೋಡೆಗೆ ಸುಣ್ಣ ಬಳಿಯುತ್ತಿದ್ದ ದಿನಗಳಲ್ಲಿ ಅವ್ವನ ನಿದ್ದೆ ಕೆಟ್ಟದ್ದು ನನಗೆ ನೆನಪಿದೆ. ಆಗ ಯಾರಿಗೂ ಅದರ ಅರ್ಥ ತಿಳಿಯಲಿಲ್ಲ.

ಪಾವ್ಲೋವ್‌ನ ಕಡೆಯ ವರ್ಷಗಳು ಕೊಲ್ತುಶಿ ಎಂಬಲ್ಲಿ ಸರಕಾರವು ಆತನಿಗಾಗಿ ಕಟ್ಟಿಸಿಕೊಟ್ಟ ವಿಜ್ಞಾನದ ಹಳ್ಳಿಯ ಕೆಲಸದಲ್ಲಿಯೂ, ಅದೇ ಸರಕಾರವು ಅಮಾಯಕರನ್ನು ಸೆರೆಗೆ ನೂಕುವುದನ್ನು ಕುರಿತು ಅಧಿಕಾರಿಗಳಿಗೆ ಪ್ರತಿಭಟನೆಯ ಕಾಗದಗಳನ್ನು ಬರೆಯುವುದರಲ್ಲಿಯೂ ಕಳೆದುವು. ದೇಶವೆಲ್ಲ ಹೆದರಿದ್ದ ಕಾಲದಲ್ಲಿ ಎಂಬತ್ತು ದಾಟಿದ ಮುದುಕ ಮಾಡಿದ ಕೆಲಸವಿದು. ೧೯೩೫ರಲ್ಲಿ ಲೋಕದ ಶರೀರಶಾಸ್ತ್ರಜ್ಞರೆಲ್ಲ ಲೆನಿನ್‌ಗ್ರಾಡಿನಲ್ಲಿ ಸೇರಿದಾಗ ಆ ಸಮ್ಮೇಳನಕ್ಕೆ ಆತನೇ ಅಧ್ಯಕ್ಷ. ಮರುವರ್ಷ, ೧೯೩೬ರ ಫೆಬ್ರವರಿ ೨೭ರಂದು, ನ್ಯೂಮೋನಿಯದಿಂದ ಕಾಲವಾದನು.

ಈ ಸಲ ಶ್ರಾವಣದಲ್ಲಿ ಊರಿಗೆ ಹೋಗಿದ್ದಾಗ ಸಂಜೆ ಜೋರು ಮಳೆ ಹಿಡಿಯಿತು. ಅವ್ವ ಎದ್ದು ಹೊಸ್ತಿಲ ಬಳಿ ನಿಂತಳು. ನಾನು ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಆದ್ದರಿಂದ ರಷ್ಯದ ಆ ನಾಯಿಯ ಕಥೆಯನ್ನು ಹೇಳಿದೆ. ಗ್ಲುಟಮೇಟಿನ ಮಾತೆತ್ತಲಿಲ್ಲ. ಅವಳು ಪೂರ್ತಿ ಕೇಳಿ, ಆ ನಾಯಿ ಆಮೇಲೆ ಉಂಡಿತೇ ಎಂದು ವಿಚಾರಿಸಿದಳು. ಸಾಕಿದವನು ಒಳಗೇ ಕುಳಿತಿದ್ದಾಗ ಉಂಡಿತೆಂದು ಹೇಳಿದೆ. ಸ್ವಲ್ಪ ಹೊತ್ತು ಮಳೆಯನ್ನು ನೋಡುತ್ತಿದ್ದು, ಜೋಳದ ಚೀಲದ ಒಂದು ತುದಿಯನ್ನು ಹಿಡಿಯೆಂದಳು. ಇಬ್ಬರೂ ಸೇರಿ ಅದನ್ನು ಅಟ್ಟಕ್ಕೇರಿಸಿದೆವು.